ಪುಟ್ ಅಪ್ ಅಂದರೇನು?

ಪರ ಊರಿನ ಆಫೀಸಿನಲ್ಲಿ ಅರೆಬರೆ ಇಂಗ್ಲಿಷ್ ನೆಚ್ಚಿಕೊಂಡವರಿಗೆ ಪೇಚು ತಪ್ಪಿದ್ದಲ್ಲ. ಐವತ್ತರ ದಶಕದಲ್ಲಿ ನಾನೂ ಗದಗಿನ ಗೆಳೆಯನೂ ನಾಗಪುರದ ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತರು. ಅಲ್ಲಿನ ಇತವಾರಿ ಪೇಟೆಯ ಕಾಳಿನ ಅಂಗಡಿಯ ಮೇಲೆ ಒಂದೇ ಖೋಲಿಯಲ್ಲಿ ನಮ್ಮಿಬ್ಬರ ಬಿಡಾರ. ನನಗಿಂತ ತಡವಾಗಿ ಕೆಲಸಕ್ಕೆ ಸೇರಿದ ಅವನನ್ನು ಬಹಳ ಕಾಡಿದ್ದು ‘ಪುಟ್ ಅಪ್’ ಎಂಬ ಮಾತು.

೧. ಕಪಾಟಿನ ಮೇಲೆ

ನಮ್ಮ ಸಾಹೇಬರು ಮದ್ರಾಸಿನ ಕಡೆಯವರು, ಆಡುವುದೆಲ್ಲ ಇಂಗ್ಲಿಷೇ. ಗೆಳೆಯನಿಗೊಂದು ಫೈಲು ಕೊಟ್ಟು, ನಾಳೆ ‘ಪುಟ್ ಅಪ್’ ಮಾಡು ಅಂದರು. ಪುಟ್ ಅಂದರೆ ಇಡು, ಅಪ್ ಅಂದರೆ ಮೇಲೆ. ಮರುದಿನ ಇವನು ಸ್ಟೂಲು ಹತ್ತಿ ಫೈಲನ್ನು ಕಪಾಟಿನ ನೆತ್ತಿಯ ಮೇಲಿಟ್ಟ. ಮಧ್ಯಾಹ್ನ ಸಾಹೇಬರು ಕೇಳಿದರೆ, ಬೆಳಿಗ್ಗೆಯೇ ಇಟ್ಟಾಯಿತು ಅಂದ. ಪಾಪ, ಅವರು ತಮ್ಮ ಮೇಜನ್ನೆಲ್ಲ ತಡಕಾಡಿದರು. ಕಡೆಗೆ ಇವನೇ ಕಪಾಟು ತೋರಿಸಿ, ಫ್ಯಾನಿನ ಗಾಳಿಗೆ ಹಾರಬಾರದೆಂದು ಮೇಲೊಂದು ಇಟ್ಟಿಗೆಯನ್ನೂ ಹೇರಿದ್ದೇನೆ ಅಂದ.

೨. ಎಲ್ಲಿ?

ಸಂಜೆ ನಾನು ತಿಳಿಸಿ ಹೇಳಿದೆ: ಪುಟ್ ಅಪ್ ಅಂದರೆ ಸಾಹೇಬರ ಮುಂದೆ ತಂದು ಇಡುವುದು. ಅವನು ಬಾಯಿಪಾಠ ಮಾಡಿಕೊಂಡ. ಕೆಲವು ದಿನಗಳಾದ ಮೇಲೆ ಸಾಹೇಬರು ಒಳ್ಳೆಯ ಲಹರಿಯಲ್ಲಿ, ನೀನು ಉಳಿದುಕೊಂಡಿರುವುದು ಎಲ್ಲಿ ಎಂದು ಕೇಳಲು, “ವೇರ್ ಆರ್ ಯೂ ಪುಟ್ ಅಪ್?” ಅಂದರು.

ಇವನು ನೆಟ್ಟಗೆ ನಿಂತು ಹೇಳಿದ: “ನಿಮ್ಮ ಮುಂದೇನೇ, ಸರ್.”

೩. ಖೋಲಿ ಸಣ್ಣದು

ಉಳಿದುಕೊಳ್ಳುವುದಕ್ಕೂ ಪುಟ್ ಅಪ್ ಅನ್ನುತ್ತಾರೆ ಎಂದು ಮತ್ತೆ ಪಾಠ ಹೇಳಿದೆ. ಅಷ್ಟರಲ್ಲಿ ಇವನು ಪುಣೆಗೆ ಹೋಗಬೇಕಿದ್ದ ಟಪಾಲನ್ನು ಪಾಟ್ನಾಕ್ಕೆ ಕಳಿಸಿಬಿಟ್ಟ. ಸಾಹೇಬರು ಎಲ್ಲರೆದುರು ಗುಡುಗಿದರು: “ಐ ಕೆನಾಟ್ ಪುಟ್ ಅಪ್ ವಿತ್ ಯೂ!”

ಇನ್ನು ನಿನ್ನನ್ನು ಸಹಿಸಲಾರೆ ಅಂದಂತೆ. ಅವನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಹೋಯಿತು ನೌಕರಿ ಅಂದುಕೊಂಡೆ ನಾನು. ಅವನ ಮುಖದಲ್ಲಿ ಮಾತ್ರ ಮರುಕ. ನಮ್ಮ ಖೋಲಿ ಬಹಳ ಸಣ್ಣದು, ನಿಮಗೆ ಇರಲಿಕ್ಕೆ ಆಗುವುದಿಲ್ಲ ನಿಜ, ಊಟಕ್ಕಾದರೂ ಬರಬೇಕು ಎಂದು ಕೈಮುಗಿದ.

ಸಾಹೇಬರು ಕನ್ನಡಕ ತೆಗೆದಿಟ್ಟು ನಕ್ಕರು. ನೌಕರಿ ಉಳಿಯಿತು. ಭಾನುವಾರ ಊಟಕ್ಕೂ ಬಂದರು. ಗೆಳೆಯ ರೊಟ್ಟಿಯ ಮಗ್ಗುಲಿಗೆ ತನ್ನೂರಿನ ಕೆಂಪು ಮೆಣಸಿನಕಾಯಿ ಚಟ್ನಿ ಬಡಿಸಿದ. ಒಂದು ತುತ್ತಿಗೇ ಸಾಹೇಬರ ಕಣ್ಣಲ್ಲಿ ನೀರು. ಈ ಚಟ್ನಿಯ ಜೊತೆ ‘ಪುಟ್ ಅಪ್’ ಮಾಡಲಾರೆ ಎಂದು ಇಂಗ್ಲಿಷಿನಲ್ಲಿ ನರಳಿದರು.

ಗೆಳೆಯ ನನ್ನ ಕಿವಿಗೆ ಬಾಗಿದ. “ಚಟ್ನಿ ಜೋಡಿ ಇರಾಕ ಆಗೂದಿಲ್ಲಂತ. ಇರ್ರಿ ಅಂದಾವ್ರರ ಯಾರು?”