ಎಂಜಿನ್ನಿನ ಕಾಲುನೋವು

ಕೆಲವರ ಕೈಗುಣ ಚೆನ್ನಾಗಿರುತ್ತದೆ. ಅವರು ನೆಟ್ಟ ಕರಿಬೇವು ಚಿಗುರುತ್ತದೆ, ಅವರು ಹೆಪ್ಪು ಹಾಕಿದ ಹಾಲು ಗಟ್ಟಿ ಮೊಸರಾಗುತ್ತದೆ. ನನ್ನ ಕೈ ಆ ಪೈಕಿಯದಲ್ಲ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಅರಸೀಕೆರೆಯ ನಮ್ಮ ಮನೆಯಲ್ಲಿ ನಾನು ರಿಪೇರಿ ಮಾಡಿದ ಮಿಕ್ಸಿ ನೇರವಾಗಿ ಗುಜರಿಗೆ ಹೋಯಿತು. ನಾನು ಬಿಗಿ ಮಾಡಿದ ನಲ್ಲಿಯ ಕೆಳಗೆ ಮೂರು ವರ್ಷದಿಂದ ಒಂದು ಬಕೆಟ್ಟು ಕಾಯಂ ಆಗಿ ಕೂತಿದೆ. ಇಪ್ಪತ್ತಾರು ವರ್ಷ ಕಚೇರಿಯಲ್ಲಿ ಗುಮಾಸ್ತಿಕೆ ಮಾಡಿದವನ ಕೈಗೆ ಪೆನ್ನು, ಟ್ಯಾಗು, ಮೊಹರು ಬಿಟ್ಟರೆ ಬೇರೇನು ಒಗ್ಗೀತು ಹೇಳಿ. ನನ್ನ ಹೆಂಡತಿ ಗಿರಿಜೆ ಮನೆಯ ಸ್ಕ್ರೂಡ್ರೈವರನ್ನು ಅಕ್ಕಿ ಡಬ್ಬಿಯ ತಳದಲ್ಲಿ ಹೂತಿಟ್ಟಿದ್ದಳು. ನಾನು ಅನ್ನಕ್ಕಿಡುವವನಲ್ಲವಾದ್ದರಿಂದ ಅಲ್ಲಿಗೆ ಕೈ ಹಾಕುವುದಿಲ್ಲ ಎಂಬುದು ಅವಳ ಲೆಕ್ಕಾಚಾರ.

ಆದರೆ ಪೂಜೆ ಮಾಡುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಅದು ಗೊತ್ತಿದ್ದೇ ಹಳೇಬೀಡಿನಲ್ಲಿರುವ ನನ್ನ ನಾದಿನಿ ಕಲಾವತಿ ಈ ಸಲದ ಆಯುಧಪೂಜೆಗೆ ನನ್ನನ್ನು ಕರೆದಳು. ಅವಳೂ ಅವಳ ಮಹಿಳಾ ಸಂಘದ ನಾಲ್ಕು ಜನರೂ ಸೇರಿ ಅಲ್ಲಿಯ ಕೆರೆಯಲ್ಲಿ ಪ್ರವಾಸಿಗರಿಗಾಗಿ ಒಂದು ಎಂಜಿನ್ ದೋಣಿ ನಡೆಸುತ್ತಾರೆ. ಎಂಜಿನ್ನಿನ ತಲೆ ದೋಣಿಯ ಹಿಂಭಾಗದಲ್ಲಿ ಕೂತಿರುತ್ತದೆ. ಅದರಿಂದ ಒಂದು ಉದ್ದನೆಯ ಕಾಲು ನೀರಿಗಿಳಿದಿರುತ್ತದೆ. ಪಾದದ ಕಡೆ ದೋಣಿಯನ್ನು ತಳ್ಳುವ ಫ್ಯಾನು. ನಾನು ತಲೆಗೆ ವಿಭೂತಿ ಎಳೆದು, ಕುಂಕುಮವಿಟ್ಟು, ನಿಂಬೆಹಣ್ಣು ಕಟ್ಟಿದೆ. ತಲೆಗಷ್ಟೇ ಮರ್ಯಾದೆ ಮಾಡಿ ಕಾಲನ್ನು ಮರೆಯುವುದು ಸರಿಯೇ? ಎಂಜಿನ್ನನ್ನು ಮೇಲಕ್ಕೆತ್ತಿಸಿ ಫ್ಯಾನಿಗೂ ಒಂದು ಚೆಂಡುಹೂವಿನ ಹಾರ ಸುತ್ತಿ, ಕಡತ ಕಟ್ಟುವ ನನ್ನ ಮೂರು ಗಂಟನ್ನು ಬಿಗಿಯಾಗಿ ಹಾಕಿದೆ. ಆ ಗಂಟನ್ನು ಇಡೀ ಕಚೇರಿಯಲ್ಲಿ ಬಿಚ್ಚಬಲ್ಲವನು ನಾನೊಬ್ಬನೇ. ದೋಣಿ ಹೊರಡಿಸುವಾಗ ಕಲಾವತಿ ಹಾರ ತೆಗೆಯಲು ಹೋದಳು. ಪೂಜೆಯ ಹಾರ ಅದೇ ದಿನ ತೆಗೆಯಬಾರದು ಎಂದು ನಾನು ಹಿರಿಯನ ಠೀವಿಯಲ್ಲಿ ತಡೆದೆ. ಎಂಜಿನ್ನು ಗುಡುಗಿತು, ನೀರಿನ ತುಂಬ ಹಳದಿ ಎಸಳು ಹರಡಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ನನಗಂತೂ ಜನ್ಮ ಸಾರ್ಥಕವಾಯಿತು.

ದೀಪಾವಳಿ ಕಳೆಯುತ್ತಲೇ ಕಲಾವತಿಯ ಫೋನು ಬಂತು. ಎಂಜಿನ್ನು ಗೊರಗುಟ್ಟುತ್ತಿದೆ, ದೋಣಿಯ ಹಿಂದೆ ನೀರಿನ ಮೇಲೆ ಎಣ್ಣೆ ತೇಲುತ್ತಿದೆ ಎಂದಳು. ಶುಕ್ರವಾರದಿಂದ ಶಾಲೆಗಳ ಪ್ರವಾಸದ ಬಸ್ಸುಗಳು ಬರತೊಡಗುತ್ತವೆ. ಅಷ್ಟರೊಳಗೆ ದೋಣಿ ಓಡದಿದ್ದರೆ ಪರವಾನಗಿ ಬೇರೆಯವರ ಪಾಲಾಗುತ್ತದೆ ಎಂದಳು. ಎರಡು ವರ್ಷ ಕಚೇರಿ ಕಚೇರಿ ಅಲೆದು ಪಡೆದ ಪರವಾನಗಿ ಅದು. ಬಾಣಾವರದ ಕರಿಯಪ್ಪ ಮೇಸ್ತ್ರಿ ಈಗ ಪಂಪ್‌ಸೆಟ್ ರಿಪೇರಿ ಮಾಡುತ್ತಾರಾದರೂ ಹತ್ತು ವರ್ಷ ಮಲ್ಪೆಯ ಬಂದರಿನಲ್ಲಿ ದೋಣಿ ಎಂಜಿನ್ನುಗಳ ಜೊತೆ ಬಾಳಿದವರು. ಅವರು ಫೋನಿನಲ್ಲೇ ಲಕ್ಷಣ ಕೇಳಿ, "ತಲೆ ಚೆನ್ನಾಗೈತೆ ಕಣಮ್ಮ, ರೋಗ ಇರೋದು ಕಾಲಿಗೆ. ಕಾಲು ಬಿಚ್ಚಿ ಕಳ್ಸು" ಅಂದರಂತೆ. ಬಿಚ್ಚುವುದನ್ನು ಕಲಾವತಿಯೇ ಮಾಡಿದಳು. ಕೊಂಡೊಯ್ಯಲು ಜನ ಬೇಕಿತ್ತು. ನಾನಿದ್ದೇನಲ್ಲ ಎಂಬ ಮಾತು ನನ್ನ ಬಾಯಿಂದ ಹೇಗೆ ಬಂತೋ ಆ ಶಿವನೇ ಬಲ್ಲ.

ಎರಡು ದಿನ ರಜೆ ಹಾಕಿ ಬುಧವಾರ ಹಳೇಬೀಡಿಗೆ ಹೋಗಿ, ಎಂಜಿನ್ನಿನ ಕಾಲನ್ನು ಹಳೆಯ ದುಪ್ಪಟಿಯಲ್ಲಿ ಸುತ್ತಿಕೊಂಡು ಜಾವಗಲ್ ಮಾರ್ಗದ ಬಸ್ಸು ಹತ್ತಿದೆ. ಪಕ್ಕದಲ್ಲಿ ಕೂತ ಅಜ್ಜಿ ಮಗು ಮಲಗಿದೆಯೆಂದು ತಿಳಿದು ಜಾಗ ಬಿಟ್ಟುಕೊಟ್ಟರು. ಆಮೇಲೆ ದುಪ್ಪಟಿಯ ತುದಿಯಲ್ಲಿ ಇಣುಕಿದ ಫ್ಯಾನನ್ನು ನೋಡಿ ಬಾಣಾವರ ಬರುವವರೆಗೂ ತಮ್ಮ ಚೀಲವನ್ನು ನಡುವೆ ಅಡ್ಡ ಇಟ್ಟುಕೊಂಡು ಕೂತರು.

ಮೇಸ್ತ್ರಿಗೆ ಆಗಷ್ಟೇ ಕಣ್ಣಿನ ಆಪರೇಷನ್ ಆಗಿತ್ತು. ಕಪ್ಪು ಕನ್ನಡಕ ಹಾಕಿಕೊಂಡು ಸ್ಟೂಲಿನ ಮೇಲೆ ಕೂತು, "ನಾನು ಬಾಯಿ, ನೀವು ಕೈ. ಬಿಚ್ಚಿ ಸಾರ್" ಅಂದರು. ನನ್ನ ಕೈಯ ಪೂರ್ವಚರಿತ್ರೆಯನ್ನು ಒಂದೂ ಬಿಡದೆ ಹೇಳಿದೆ. ಅವರು ನಗಲಿಲ್ಲ. "ಅವಸರ ಮಾಡ್ಬೇಡಿ. ಬಿಚ್ಚಿದ್ದನ್ನ ಬಿಚ್ಚಿದ ಸಾಲಲ್ಲೇ ಇಟ್ಕೊಳ್ಳಿ. ಕೆಲಸ ಅಂದ್ರೆ ಅಷ್ಟೇಯ" ಅಂದರು. ಅಷ್ಟೇ ಆದರೆ ನನಗೆ ಬರುತ್ತದೆ! ಕಡತದ ಹಾಳೆಗೆ ಪುಟಸಂಖ್ಯೆ ಹಾಕುವ ಹಾಗೆ ಒಂದೊಂದು ನಟ್ಟಿಗೂ ವಾಷರಿಗೂ ಚೀಟಿಯಲ್ಲಿ ನಂಬರು ಬರೆದು ಪತ್ರಿಕೆಯ ಮೇಲೆ ಸಾಲಾಗಿ ಇಟ್ಟೆ. ಕೆಳಗಿನ ಸ್ಕ್ರೂ ತೆಗೆದಾಗ ಕಪ್ಪಗೆ ಬರಬೇಕಿದ್ದ ಗೇರ್ ಎಣ್ಣೆ ಮಜ್ಜಿಗೆಯ ಹಾಗೆ ಬೆಳ್ಳಗೆ ಸುರಿಯಿತು. ಒಳಗೆ ನೀರು ಹೊಕ್ಕಿದೆ, ನೀರು ತಡೆಯುವ ರಬ್ಬರಿನ ಆಯಿಲ್ ಸೀಲು ಹರಿದಿರಬೇಕು, ಫ್ಯಾನು ತೆಗೆದು ಅದರ ಹಿಂದೆ ನೋಡಿ ಎಂದರು ಮೇಸ್ತ್ರಿ.

ತೆಗೆದು ನೋಡಿದೆ. ಫ್ಯಾನಿನ ಹಿಂದೆ ಅದನ್ನು ತಿರುಗಿಸುವ ದಂಡಕ್ಕೆ ಪ್ಲಾಸ್ಟಿಕ್ ದಾರ ಬಿಗಿಯಾಗಿ ಸುತ್ತಿಕೊಂಡು, ಸೀಲಿನ ರಬ್ಬರನ್ನು ಕೊಯ್ದು ಒಳಗೆ ಇಳಿದಿತ್ತು. ದಾರದಲ್ಲಿ ಒಣಗಿದ ಚೆಂಡುಹೂವಿನ ತೊಟ್ಟೊಂದು. ಪಕ್ಕದಲ್ಲಿ ಮೂರು ಗಂಟು.

ಗಂಟನ್ನು ಅಂಗೈಯಲ್ಲಿ ಮುಚ್ಚಿಕೊಂಡೆ. ಮೇಸ್ತ್ರಿ ಕೇಳಿದ್ದಕ್ಕೆ ದಾರ ಎಂದಷ್ಟೇ ಹೇಳಿದೆ. ಮಲ್ಪೆಯಲ್ಲಿ ಬಲೆಯ ದಾರ ಹೀಗೇ ಸುತ್ತಿಕೊಳ್ಳುತ್ತಿತ್ತು ಎಂದರು. ಫೋನಿನಲ್ಲಿ ಕಲಾವತಿಗೂ ದಾರ ಎಂದೆ. ಅವಳು ಮುಂದಕ್ಕೆ ಕೇಳಲೇ ಇಲ್ಲ. ಆ ಕೆರೆಯಲ್ಲಿ ಮೀನು ಹಿಡಿಯುವ ಮುದುಕ ಮಲ್ಲಯ್ಯನ ಬಲೆಯದೇ ದಾರ, ನಾಳೆ ಬೆಳಗ್ಗೆ ಅವನಿಗೆ ಗ್ರಹಚಾರ ಬಿಡಿಸುತ್ತೇನೆ ಎಂದಳು. ನಾನು ದಾರವನ್ನು ಜೇಬಿಗೆ ಸೇರಿಸಿದೆ. ಕಚೇರಿಯಲ್ಲಿ ಒಂದು ಕಾಗದವನ್ನೂ ಕಣ್ಮರೆ ಮಾಡದ ಮನುಷ್ಯ ನಾನು, ನೋಡಿ.

ಮೇಸ್ತ್ರಿ ತರಿಸಿಟ್ಟಿದ್ದ ಹೊಸ ಸೀಲನ್ನು ಪೈಪಿನ ತುಂಡಿಟ್ಟು ಮೆಲ್ಲಗೆ ಬಡಿದು ಕೂರಿಸಿದೆ. ಎಣ್ಣೆ ಹಾಕಲು ಮೇಲಿನ ತೂತಿಗೆ ಕೊಳವೆ ಹಿಡಿದಾಗ ಮೇಸ್ತ್ರಿ ತಡೆದರು. "ಮೇಲಿಂದ ಹೊಯ್ದ್ರೆ ಗಾಳಿ ಒಳಗೇ ಕುಂತ್ಕಳ್ತೈತೆ ಸಾರ್. ಕೆಳಗಿಂದ ತುಂಬಿ. ಮೇಲಿನ ತೂತಲ್ಲಿ ಎಣ್ಣೆ ಬಂದ್ ಮ್ಯಾಲೆ ಮೊದ್ಲು ಮೇಲಿಂದು ಮುಚ್ಚಿ, ಆಮೇಲೆ ಕೆಳಗಿಂದು." ಕೆಳಗಿನಿಂದ ಹೊರಟದ್ದು ಎಲ್ಲೂ ನಿಲ್ಲದೆ ಮೇಲಕ್ಕೆ ತಲುಪಿದ್ದನ್ನು ನನ್ನ ಇಪ್ಪತ್ತಾರು ವರ್ಷದ ಸರ್ವಿಸಿನಲ್ಲಿ ಮೊದಲ ಬಾರಿಗೆ ಕಂಡೆ. ಕಣ್ಣು ತುಂಬಿ ಬಂತು. ಪತ್ರಿಕೆಯ ಮೇಲೆ ಒಂದು ವಾಷರೂ ಮಿಕ್ಕಿರಲಿಲ್ಲ.

ಗುರುವಾರ ಬೆಳಗ್ಗೆ ಕಾಲನ್ನು ಎಂಜಿನ್ನಿಗೆ ಕೂಡಿಸಿ ಕಲಾವತಿ ಹಗ್ಗ ಎಳೆದಳು. ಗೊರಗೊರ ಸದ್ದಿಲ್ಲ, ನೀರಿನ ಮೇಲೆ ಎಣ್ಣೆಯಿಲ್ಲ. ಅವಳು ಒಂದು ಸುತ್ತು ಹೊಡೆದು ಬರುವಾಗ ನಾನು ದಡದಲ್ಲಿ ಎಳೆಮಗುವಿನ ತಂದೆಯ ಹಾಗೆ ಬೀಗುತ್ತ ನಿಂತಿದ್ದೆ. ಅಷ್ಟರಲ್ಲಿ ಮಲ್ಲಯ್ಯ ಬಲೆ ಹೊತ್ತುಕೊಂಡು ಬಂದ. ಕಲಾವತಿ ಸೆರಗು ಸಿಕ್ಕಿಸಿಕೊಂಡು ದೋಣಿಯಿಂದಿಳಿದು, ನಿನ್ನ ಬಲೆಯಿಂದ ಐದು ಮನೆಯ ಕೆಲಸ ಹೋಗುತ್ತಿತ್ತು ಎಂದು ಶುರುಮಾಡಿದಳು. ಏನೂ ತಿಳಿಯದ ಮುದುಕ ಬಲೆಯನ್ನು ಕೆಳಗಿಟ್ಟು, ತಪ್ಪಾಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳವ್ವ ಎಂದು ಕೈ ಮುಗಿದುಬಿಟ್ಟ. ಆ ಮುಗಿದ ಕೈ ನನ್ನಿಂದ ನೋಡಲಾಗಲಿಲ್ಲ. ಜೇಬಿನಿಂದ ದಾರ ತೆಗೆದೆ.

"ಕಲಾ, ಬಲೆ ಅಲ್ಲ ಕಣಮ್ಮ. ನನ್ನ ಹಾರ" ಎಂದೆ.

ಅವಳು ಗಂಟನ್ನು ನೋಡಿದಳು, ನನ್ನ ಮುಖ ನೋಡಿದಳು. ಮಲ್ಲಯ್ಯ ದಾರವನ್ನು ಬಗ್ಗಿ ನೋಡಿದ. "ಅದಕ್ಕೇ ಏನು ಸಾಮಿ, ಹಬ್ಬ ಆದ್ಮ್ಯಾಲೆ ಒಂದು ವಾರ ನನ್ನ ಬಲೆಗೆ ಬರೀ ಚೆಂಡುಹೂವೇ ಬಿದ್ದಿದ್ದು?" ಅಂದ. ಕಲಾವತಿ ನಕ್ಕಳು, ನಗುತ್ತಲೇ ಅವನ ಬಲೆಯನ್ನು ತಾನೇ ಎತ್ತಿ ಅವನ ಹೆಗಲಿಗಿಟ್ಟಳು. ನನ್ನ ಕಡೆ ತಿರುಗಿ, "ಭಾವ, ಇನ್ಮೇಲೆ ಕಾಲು ಬಿಚ್ಚೋಕೆ ನೀವೇ ಬನ್ನಿ. ಹಾರ ಹಾಕೋಕೆ ಮಾತ್ರ ಬರಬೇಡಿ" ಎಂದಳು.

ಶುಕ್ರವಾರ ಶಾಲಾಮಕ್ಕಳು ಕಿರುಚಾಡಿಕೊಂಡು ಕೆರೆ ಸುತ್ತಿದ ವಿಡಿಯೋ ಬಂತು. ಅದನ್ನು ಕಚೇರಿಯಲ್ಲಿ ಎಲ್ಲರಿಗೂ ಎರಡೆರಡು ಸಲ ತೋರಿಸಿದೆ. ಸಂಜೆ ಮನೆಗೆ ಹೋದರೆ, ತಂಗಿಯ ಫೋನಿನಲ್ಲಿ ಎಲ್ಲವನ್ನೂ ಕೇಳಿದ್ದ ಗಿರಿಜೆ ಸ್ಕ್ರೂಡ್ರೈವರನ್ನು ಒರೆಸಿ ನನ್ನ ಕೈಗೇ ಕೊಟ್ಟು, ನಲ್ಲಿ ಸ್ವಲ್ಪ ನೋಡ್ರೀ ಎಂದಳು. ಎದೆ ಉಬ್ಬಿತು. ಇವಳಿಗೆ ಇಷ್ಟು ನಂಬಿಕೆ ಬಂದ ಮೇಲೆ ಸ್ಕ್ರೂಡ್ರೈವರ್ ಹೂತಿಟ್ಟಿದ್ದ ಆ ಡಬ್ಬಿಯನ್ನೊಮ್ಮೆ ಕಣ್ಣಾರೆ ನೋಡಿಬಿಡೋಣ ಎಂದು ಅಡುಗೆಮನೆಗೆ ಹೋಗಿ ಅಕ್ಕಿಯೊಳಗೆ ಕೈ ಹಾಕಿದೆ. ತಳದಲ್ಲಿ ಹೂ ಕಟ್ಟುವ ದಾರದ ಉಂಡೆ ಸಿಕ್ಕಿತು.