ಟವೆಲ್ಲಿನ ಕೆಳಗೊಂದು ಎಕ್ಸ್

ಬೀಜಗಣಿತದ ಒಂದೇ ಒಂದು ಪ್ರಶ್ನೆಗೆ ಉತ್ತರ ಹೇಳಲು ನನಗೆ ತಗುಲಿದ ಖರ್ಚು ಒಂದು ಟಗರು. ಅದೂ ನನ್ನದಲ್ಲ, ಹೆಂಡತಿಯದು. ಟ್ಯೂಷನ್ನೇ ಅಗ್ಗವಾಗುತ್ತಿತ್ತು ಎಂದು ನೀವು ಹೇಳಬಹುದು. ಆದರೆ ಅಂಥ ಉತ್ತರ ಯಾವ ಟ್ಯೂಷನ್ನಿನಲ್ಲೂ ಸಿಗುವುದಿಲ್ಲ ಎಂದು ಇವತ್ತಿಗೂ ಪಂದ್ಯ ಕಟ್ಟುತ್ತೇನೆ.

ನಾನು ಓದಿದ್ದು ಏಳನೆಯ ತರಗತಿ. ಉಳಿದದ್ದನ್ನು ಕುರಿ ದಲಾಲಿಯಲ್ಲಿ ಕಲಿತೆ. ಸಿಂಧನೂರಿನ ಬಟ್ಟೆ ಅಂಗಡಿಯವರು ನನ್ನನ್ನು ಕಂಡರೆ ಮೊದಲು ಚಹಾ ತರಿಸಿ, ಆಮೇಲೆ ತಾವಾಗಿಯೇ ಬೆಲೆ ಇಳಿಸುತ್ತಾರೆ. ಅಂಥವನು ಒಂಬತ್ತನೆಯ ತರಗತಿಯ ಮಗಳು ನೀಲಾಳ ಮುಂದೆ ಮಾತ್ರ ಬಾಯಿ ಬಿಡುವಂತಿರಲಿಲ್ಲ. ಮಸ್ಕಿ ರಸ್ತೆಯ ಮೇಲೆ ಮಧ್ಯಾಹ್ನ ದೂರದಲ್ಲಿ ಕಾಣುವ ನೀರು ಹತ್ತಿರ ಹೋದರೆ ಎಲ್ಲಿ ಹೋಗುತ್ತದೆ, ಋಣವನ್ನು ಋಣದಿಂದ ಗುಣಿಸಿದರೆ ಧನ ಹೇಗಾಗುತ್ತದೆ ಎಂದೆಲ್ಲ ಕೇಳುವಳು. ನಿಮ್ಮ ಸರ್‌ನ ಕೇಳು ಎಂದು ಜಾರಿಕೊಳ್ಳುತ್ತಿದ್ದೆ. ಒಂದು ದಿನ ಕೇಳಿದಳು, “ಅಪ್ಪಾ, ಎಕ್ಸ್ ಅಂದ್ರ ಎಷ್ಟಂತ ಯಾರಿಗೂ ಗೊತ್ತಿಲ್ಲಂತ. ಗೊತ್ತಿಲ್ಲದ್ದನ್ನ ಇಟ್ಕೊಂಡು ಲೆಕ್ಕ ಹೆಂಗ ಮಾಡ್ತಾರ?”

ನನ್ನ ಮೈಯೆಲ್ಲ ರೋಮಾಂಚನವಾಯಿತು. ಹುಟ್ಟಿದಾಗಿನಿಂದ ನಾನು ಕಾದಿದ್ದ ಪ್ರಶ್ನೆ ಇದು. ನಮ್ಮ ಕುರಿ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಟವೆಲ್ಲಿನ ಕೆಳಗೆ ಕೈ ತೂರಿಸಿ, ಬೆಲೆ ಎಷ್ಟೋ ಅಷ್ಟು ಬೆರಳು ಹಿಡಿಯುತ್ತೇವೆ. ಸುತ್ತ ನಿಂತವರಿಗೆ ಅದು ಎಷ್ಟೋ ತಿಳಿಯದು, ಆದರೂ ನಮ್ಮ ಮುಖ ನೋಡಿ ಲೆಕ್ಕ ಹಾಕುತ್ತಲೇ ಇರುತ್ತಾರೆ. ಎಕ್ಸ್ ಎಂದರೆ ಅದೇ ಅಲ್ಲವೇ? ಅವಳನ್ನು ಲಿಂಗಸುಗೂರಿನ ಸಂತೆಗೆ ಹೊರಡಿಸಿದೆ. ಬರಿಗೈಯಲ್ಲಿ ಹೋದರೆ ಯಾರೂ ಟವೆಲ್ ಹಾಸುವುದಿಲ್ಲ. ನನ್ನ ಕುರಿಗಳೆಲ್ಲ ಗುರುಗುಂಟಾದ ಕಡೆ ಮೇಯಲು ಹೋಗಿದ್ದವು. ಮನೆಯಲ್ಲಿದ್ದದ್ದು ಹೆಂಡತಿ ಶರಣಮ್ಮ ಮರಿಯಿದ್ದಾಗಿನಿಂದ ಬಾಟಲಿ ಹಾಲು ಕುಡಿಸಿ ಸಾಕಿದ ಟಗರೊಂದೇ. ಮಾರುವುದಿಲ್ಲ, ಬರೀ ತೋರಿಸಿ ತರುತ್ತೇನೆ ಎಂದೆ. “ಬರೂವಾಗ ಹಗ್ಗದ ತುದಿಗಿ ಅದು ಇರಬೇಕು ನೋಡ್ರಿ,” ಎಂದಳು.

ಸಂತೆಯಲ್ಲಿ ಪಾಮನಕಲ್ಲೂರಿನ ದ್ಯಾವಪ್ಪ ಸಿಕ್ಕ. ದಂಧೆಯನ್ನು ನನ್ನ ಕೈಕೆಳಗೇ ಕಲಿತವನು. ಟಗರು ಕಂಡವನೇ ಟವೆಲ್ ಹಾಕಿ ಬೆರಳು ಹಿಡಿದ. ತೀರಾ ಕಡಿಮೆ. ಪಾಠಕ್ಕೆ ಅಷ್ಟು ಸಾಕೆಂದು ನಾನೂ ಕೈ ಬಿಡಲಿಲ್ಲ. ಈಗ ಒಳಗೆ ಇರುವುದೇ ಎಕ್ಸ್, ಮುಟ್ಟಿ ನೋಡು ಎಂದೆ. ಉತ್ಸಾಹದಲ್ಲಿ ನೀಲಾ ತನ್ನ ಕೈಯನ್ನೂ ತೂರಿಸಿ, ನನ್ನ ಅಂಗೈಯನ್ನು ಅವನ ಅಂಗೈ ಮೇಲೆ ಗಟ್ಟಿಯಾಗಿ ಒತ್ತಿಬಿಟ್ಟಳು. ಅಂಗೈ ಒತ್ತಿದರೆ ಸೌದಾ ಮುಗಿದಂತೆ. ದ್ಯಾವಪ್ಪ ಟವೆಲ್ ಹೆಗಲಿಗೇರಿಸಿ ಹಗ್ಗಕ್ಕೆ ಕೈ ಹಾಕಿದ. ಒತ್ತಿದ್ದು ಹುಡುಗಿ ಎಂದೆ.

“ಒತ್ತಿದ ಕೈ ಯಾರದಣ್ಣಾ? ನಿಂದ. ಟವೆಲ್ಲಿನ ಕೆಳಗ ಆದದ್ದು ತಿರುಗೂದಿಲ್ಲಂತ ನನಗ ಕಲಿಸಿದಾವನೂ ನೀನ.”

ಹಾಗಾದರೆ ತಿರುಗಿ ನನಗೇ ಮಾರು ಎಂದೆ. ಮತ್ತೆ ಟವೆಲ್ ಬಿತ್ತು. ಈ ಸಲ ಬೆರಳು ಸಾಲದೆ ಇನ್ನೊಂದು ಕೈಯನ್ನೂ ತೂರಿಸಿದ. ನಾನು ಕೈ ಹೊರಗೆಳೆದೆ. ಟಗರು ಅವನ ಹಿಂದೆ ಹೋಯಿತು.

“ಅದ ಟಗರು, ಅದ ಟವೆಲ್ಲು. ಎಕ್ಸ್ ಯಾಕ ಬದಲಾತು?” ಎಂದಳು ನೀಲಾ.

“ಮೊದಲ ಕೊಳ್ಳಾಕ ಬಂದಿದ್ದ, ಈಗ ಮಾರಾಕತ್ತಾನ.”

ಅವಳ ಮುಖ ಅರಳಿತು. “ಅದಕ್ಕ ಏನಪಾ ಅದನ್ನ ಚರಾಕ್ಷರ ಅನ್ನೂದು?” ಸುಳ್ಳು ಹೇಳುವುದಿಲ್ಲ, ಆ ಕ್ಷಣ ನಾನು ಟಗರನ್ನೂ ಮರೆತೆ, ಕುಣಿಯುವುದೊಂದೇ ಬಾಕಿ.

ಮನೆಯಲ್ಲಿ ಶರಣಮ್ಮ ಮೊದಲು ನನ್ನ ಬರಿಗೈ ನೋಡಿದಳು. ನೀಲಾ ಪಾಠವನ್ನೆಲ್ಲ ಒಪ್ಪಿಸಿದಳು. “ನಿಮ್ಮಪ್ಪನ ಮಾತೂ ಹಂಗ ಬೇ, ಮುಂಜಾನೆಗೊಂದು, ಸಂಜಿಗೊಂದು,” ಎಂದು ಒಳಗೆ ಹೋದಳು.

ಆದ್ದರಿಂದ ನಿಮಗೆ ಹೇಳುವುದಿಷ್ಟೆ: ಮಕ್ಕಳ ಪ್ರಶ್ನೆಗೆ ಉತ್ತರ ಗೊತ್ತಿಲ್ಲದಿದ್ದರೆ ಹೆದರಬೇಡಿ, ಗೊತ್ತಿಲ್ಲ ಎನ್ನಲು ಖರ್ಚಿಲ್ಲ. ಗೊತ್ತಿದ್ದಾಗಲೇ ಹುಷಾರಾಗಿರಿ. ನಿನ್ನೆ ನೀಲಾ, ಭಾರವಾದದ್ದು ಬೇಗ ಬೀಳುತ್ತದೋ ಹಗುರವಾದದ್ದೋ ಎಂದು ಕೇಳಿದಳು. ಉತ್ತರ ನನಗೆ ಗೊತ್ತಿತ್ತು, ಬೀಳಿಸಿ ತೋರಿಸಲು ಕೊಡವೊಂದನ್ನು ಹಿಡಿದು ಮಾಳಿಗೆಯನ್ನೂ ಹತ್ತಿಬಿಟ್ಟಿದ್ದೆ. ನೀವು ಹತ್ತುವ ಮುನ್ನ, ಕೈಯಲ್ಲಿರುವ ಹಿತ್ತಾಳೆ ಕೊಡ ಯಾರ ತವರಿನದು ಎಂದು ಕೇಳಿಕೊಳ್ಳಿ.