ನನ್ನ ಹೊಟ್ಟೆಯಲ್ಲಿ ಪರೀಕ್ಷೆ ಪಾಸಾದ ನೀರು

ನಮ್ಮ ಪಟ್ಟಣದ ಕುಡಿಯುವ ನೀರಿನ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳ ಸನ್ನಿಧಿಗೆ,

ಮಾನ್ಯರೇ,

ಪೇಟೆ ಓಣಿಯ ಅರಿವೆ ಅಂಗಡಿಯ ಮಡಿವಾಳೆಪ್ಪನ ಶರಣುಗಳು. ತಾವೂ ತಮ್ಮ ಮನೆಯವರೂ ಆರೋಗ್ಯದಿಂದಿದ್ದೀರೆಂದು ನಂಬಿದ್ದೇನೆ. ತಮ್ಮ ಬಿಡಾರಕ್ಕೆ ಇನ್ನೂ ನಳದ ಸಂಪರ್ಕ ಬಂದಿಲ್ಲವೆಂದು ತಿಳಿದಿರುವುದರಿಂದ ಈ ನಂಬಿಕೆಗೆ ಗಟ್ಟಿಯಾದ ಆಧಾರವೂ ಇದೆ.

ಹೋದ ವರ್ಷ, ಅಂದರೆ ೧೯೮೫ರಲ್ಲಿ, ನಮ್ಮ ಓಣಿಗೆ ನಳ ಬಂದಾಗ ಅದಕ್ಕೆ ಹೂಮಾಲೆ ಹಾಕಿ, ತಮ್ಮನ್ನು ಕುರ್ಚಿಯಲ್ಲಿ ಕೂಡ್ರಿಸಿ, ಕೇಳುವವರ ಕಾಲು ಸೋಲುವವರೆಗೆ ಭಾಷಣ ಮಾಡಿದ ನಳ ಸ್ವಾಗತ ಸಮಿತಿಯ ಅಧ್ಯಕ್ಷ ನಾನೇ ಎಂಬುದು ತಮಗೆ ನೆನಪಿರಬಹುದು. ಬಾವಿಯ ನೀರು ಸವಳು, ಕೆರೆಯ ನೀರಿಗೆ ದೂರದ ನಡಿಗೆ. ಇವೆರಡರಿಂದ ನಮ್ಮ ಹೆಣ್ಣುಮಕ್ಕಳನ್ನು ಬಿಡಿಸಿದವನು ನಾನೇ ಎಂಬಂತೆ ಕೆಲವು ದಿನ ಎದೆ ಮುಂದೆ ಮಾಡಿಕೊಂಡು ತಿರುಗಾಡಿದೆ.

ಆದರೆ ಹೆಣ್ಣುಮಕ್ಕಳು ನಳದ ನೀರನ್ನು ಬಳಸಲಿಕ್ಕೆ ಒಯ್ದರೇ ಹೊರತು ಕುಡಿಯಲಿಕ್ಕೆ ಒಯ್ಯಲಿಲ್ಲ. ಮೊದಲಿಗೆ ಚಹಾದ ಬಣ್ಣದಲ್ಲಿ ಬಂದು, ಆಮೇಲೆ ತಿಳಿಯಾಗುವ ಆ ನೀರಿನ ಮೇಲೆ ಅವರಿಗೆ ವಿಶ್ವಾಸ ಹುಟ್ಟಲಿಲ್ಲ. ಇದು ಸರಕಾರಕ್ಕೂ ವಿಜ್ಞಾನಕ್ಕೂ, ಎಲ್ಲಕ್ಕಿಂತ ಹೆಚ್ಚಾಗಿ ನನ್ನ ಭಾಷಣಕ್ಕೂ ಆದ ಅವಮಾನವೆಂದು ಬಗೆದ ನಾನು ಒಂದು ಮುಂಜಾನೆ ನಳದ ಕಟ್ಟೆಯನ್ನೇರಿ, ಎಲ್ಲರ ಮುಂದೆ ಒಂದು ತಂಬಿಗೆ ನೀರು ಹಿಡಿದು ಗಟಗಟನೆ ಕುಡಿದೆ. "ನಮ್ಮ ಮನ್ಯಾಗ ದಿನಾ ಇದನ್ನ ಕುಡೀತೇವಿ. ನಮಗೇನರ ಆಗೇತೇನು?" ಎಂದು ಕೇಳಿದೆ. ಹೆಣ್ಣುಮಕ್ಕಳು ಕೊಡ ಎತ್ತಿಕೊಂಡು ನಡೆದರು. ಅದನ್ನು ನಾನು ಒಪ್ಪಿಗೆಯೆಂದು ತಿಳಿದೆ. ಮರುದಿನ ಅಂಗಡಿ ತೆರೆಯಲಾಗದಷ್ಟು ಹೊಟ್ಟೆ ಕೆಟ್ಟಾಗಲೂ ಬಸ್ ಸ್ಟ್ಯಾಂಡಿನ ಮಿರ್ಚಿ ಭಜಿಯನ್ನು ಬೈದೆನೇ ಹೊರತು ತಮ್ಮ ಇಲಾಖೆಯ ಮೇಲೆ ಎಳ್ಳಷ್ಟೂ ಸಂಶಯ ಪಡಲಿಲ್ಲ. ಇಂಥ ನಿಷ್ಠಾವಂತ ಪ್ರಜೆ ತಮಗೆ ಬೇರೆಲ್ಲಿ ಸಿಕ್ಕಾನು?

ನನ್ನ ಮಾತನ್ನು ನಂಬಿದವಳು ಒಬ್ಬಳೇ. ನಮ್ಮ ಹಿತ್ತಲಿನಾಚೆಯ ಮನೆಯ ನಸೀಮಾಬಿ, ಗೌಂಡಿ ಮಾಬುಸಾಬನ ಹೆಂಡತಿ. ಮಗಳು ಮೈಮುನಬಿ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಬಸುರಿ ಮಗಳನ್ನು ಮನೆಯಲ್ಲಿ ಬಿಟ್ಟು ಕೆರೆಗೆ ಹೋಗುವುದು ತಪ್ಪಿತೆಂದು ನಸೀಮಾಬಿ ನಳದ ನೀರನ್ನೇ ಕುಡಿಯುವ ಕೊಡಕ್ಕೆ ತುಂಬತೊಡಗಿದಳು. ಈ ಸಲ ಮಳೆ ಹಿಡಿದ ಮೇಲೆ ಮೈಮುನಬಿಗೆ ಊಟ ಸೇರದಾಯಿತು, ಕಣ್ಣು ಅರಿಷಿಣದಂತಾದವು, ಒಂದು ಮಧ್ಯಾಹ್ನ ತಾಯಿಯ ಗುರುತೂ ಹತ್ತದೆ ಬಡಬಡಿಸತೊಡಗಿದಳು. ಹುಬ್ಬಳ್ಳಿಗೆ ಖಾಲಿ ಹೊರಟಿದ್ದ ಟೆಂಪೋದಲ್ಲಿ ಹಾಸಿಗೆ ಹಾಸಿ ಅವಳನ್ನು ಮಲಗಿಸಿದೆವು. ದಾರಿಯುದ್ದಕ್ಕೂ ನಸೀಮಾಬಿ ಮಗಳ ತಲೆ ಕುಲುಕದಂತೆ ಎರಡೂ ಕೈಯಲ್ಲಿ ಹಿಡಿದಿದ್ದಳು.

ಬಸುರಿಗೆ ಕಾಮಾಲೆಯಾದರೆ ಎರಡು ಜೀವದ ಪ್ರಶ್ನೆ ಎಂದ ಡಾಕ್ಟರರು, ಯಾವ ನೀರು ಕುಡಿಯುತ್ತೀರಿ ಎಂದು ಕೇಳಿದರು. ನಸೀಮಾಬಿ ನನ್ನ ಕಡೆ ಕೈ ಮಾಡಿ, "ಈ ಕಾಕಾ ಕುಡಿಯೂ ನೀರ ಕುಡದೇವ್ರಿ" ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ನಿಂತುಕೊಳ್ಳಲು ಅನುಕೂಲವಾಗುತ್ತಿತ್ತು.

ಊರಿಗೆ ಮರಳಿದವನು, ಅದೇ ನೀರು ಕುಡಿದ ನಮಗೆ ಹೇಗೆ ಏನೂ ಆಗಲಿಲ್ಲವೆಂದು ನನ್ನ ಹೆಂಡತಿ ಮಲ್ಲಕ್ಕನ ಮುಂದೆ ಆಶ್ಚರ್ಯಪಟ್ಟೆ. ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಲಿಲ್ಲ. "ನೀವು ಮನ್ಯಾಗ ಯಾವತ್ತ ಹಸೀ ನೀರು ಕುಡದೀರಿ? ನಳ ಬಂದಾಗಿಂದ ಕುದಿಸಿ, ಸೋಸಿ ಕೊಡದಾಗ ಹಾಕಾಕತ್ತೇನಿ. ಕಟಗಿ ಭಾಳ ಉರೀತಾವಂತ ನೀವ ಜಗಳ ತಗದಿದ್ರಿ."

"ಮತ್ತ ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರ ಭಾಷಣ ಮಾಡ್ತಿದ್ರಿ. ನಸೀಮಾಬಿಗೆ ಹೇಳಿದ್ನಿ, ಕುದಿಸಿ ಕುಡೀರಿ ಅಂತ. ಕಾಕಾ ಎಲ್ಲಾರ ಮುಂದ ಹಸೀದ ಕುಡದಾರಲ್ಲ ಅಂದ್ಲು."

ಮಾನ್ಯರೇ, ನಾನು ಬಾಟಲಿಯಲ್ಲಿ ನೀರು ತುಂಬಿಕೊಂಡು ತಮ್ಮ ಕಚೇರಿಗೆ ಬಂದದ್ದು ಮರುದಿನ. ತಾವು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಅತ್ಯಂತ ಸೌಜನ್ಯದಿಂದ, "ನೀವ ಕುಡದು ತೋರಿಸೀರಲ್ರಿ ಮಡಿವಾಳೆಪ್ಪನವರ. ಅದನ್ನ ಮ್ಯಾಲಿನವರಿಗೆ ತಿಳಿಸೇವಿ. ಮತ್ತ ಬ್ಯಾರೇ ತಪಾಸಣಿ ಯಾಕ?" ಎಂದಿರಿ. ಸಾಲಿಯ ನಾಲ್ಕನೇ ಇಯತ್ತೆಯಲ್ಲಿ ನಪಾಸಾಗಿ ಎರಡು ಸಲ ಕೂತ ನನ್ನನ್ನು, ಅದೂ ನನ್ನ ಹೊಟ್ಟೆಯನ್ನು, ಸರಕಾರಿ ಪ್ರಯೋಗಾಲಯದ ಮಟ್ಟಕ್ಕೇರಿಸಿದ ಈ ಗೌರವಕ್ಕೆ ನಾನು ಚಿರಋಣಿ. ಆದರೆ ಸದರಿ ಪ್ರಯೋಗಾಲಯವು ಮೊದಲ ಪರೀಕ್ಷೆಯಲ್ಲೇ ಕೆಟ್ಟಿತ್ತೆಂಬುದನ್ನೂ, ಭಜಿಯ ಮೇಲೆ ಹೊರಿಸಿದ ಆರೋಪವನ್ನು ನಾನು ಬೇಷರತ್ತಾಗಿ ಹಿಂತೆಗೆದುಕೊಂಡಿದ್ದೇನೆಂಬುದನ್ನೂ ದಯವಿಟ್ಟು ಮೇಲಿನವರಿಗೆ ತಿಳಿಸಬೇಕು.

ಆಮೇಲೆ ಮಾಬುಸಾಬನೂ ನಾನೂ ಗಟಾರದ ಮೇಲಿನ ಹಾಸುಗಲ್ಲು ಎಬ್ಬಿಸಿ ನೋಡಿದೆವು. ತಮ್ಮ ಪೈಪು ಗಟಾರದೊಳಗೇ ಹಾದುಹೋಗಿದೆ. ಅದು ಒಡೆದ ಜಾಗಕ್ಕೆ ಗೋಣಿತಟ್ಟು ಸುತ್ತಿ ಹುರಿಯಿಂದ ಬಿಗಿದಿದ್ದಾರೆ. ಇಷ್ಟು ಅಕ್ಕರೆಯಿಂದ ಕಟ್ಟಿದ ಪಟ್ಟಿಯನ್ನು ನಾನು ದವಾಖಾನೆಯಲ್ಲೂ ಕಾಣಲಿಲ್ಲ. ನೀರು ಬಂದಾಗ ಅಲ್ಲಿಂದ ಹೊರಗೆ ಚಿಮ್ಮುತ್ತದೆ, ನಿಂತಾಗ ಗಟಾರವೇ ಒಳಗೆ ಹೋಗುತ್ತದೆ. ದುರಸ್ತಿ ಮಾಡುವುದು ಇಲಾಖೆಗೆ ಹೊರೆಯಾಗುವುದಾದರೆ, ನಳ ನಿಂತ ಹೊತ್ತಿನಲ್ಲಿ ಗಟಾರವು ಬೇರೆ ಓಣಿಯಿಂದ ಹರಿಯತಕ್ಕದ್ದೆಂದು ಅದಕ್ಕೊಂದು ನೋಟೀಸನ್ನಾದರೂ ಜಾರಿ ಮಾಡಬೇಕೆಂದು ಬೇಡಿಕೊಳ್ಳುತ್ತೇನೆ.

ಮೈಮುನಬಿ ಬದುಕಿದಳು. ದಿನ ತುಂಬುವ ಮೊದಲೇ ಹೆಣ್ಣುಕೂಸು ಹುಟ್ಟಿತು, ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣದು, ಆದರೆ ಅಳುತ್ತದೆ, ಹಾಲು ಕುಡಿಯುತ್ತದೆ. ನೋಡಲು ಹೋದಾಗ ನಸೀಮಾಬಿ ಕೇಳಿದ್ದು ಒಂದೇ ಮಾತು: "ಕಾಕಾ, ಇನ್ನ ಯಾವ ನೀರು ಕುಡಿಯೂಣ್ರಿ?" ಬಾಯಿಗೆ ಬಂದ ಭಾಷಣವನ್ನು ಜೀವಮಾನದಲ್ಲಿ ಮೊದಲ ಸಲ ನುಂಗಿಕೊಂಡು, "ಮಲ್ಲಕ್ಕನ್ನ ಕೇಳವಾ" ಎಂದೆ.

ಇಂತು ತಮ್ಮ ಇಲಾಖೆಯನ್ನು ಅಗದಿ ಅತಿಯಾಗಿ ನಂಬಿದ,

ತಮ್ಮ ವಿಶ್ವಾಸಿ
ಮಡಿವಾಳೆಪ್ಪ
ಮಾಜಿ ಅಧ್ಯಕ್ಷ, ನಳ ಸ್ವಾಗತ ಸಮಿತಿ (ವಿಸರ್ಜಿತ)

ತಾ.ಕ.: ಈ ಪತ್ರವನ್ನು ಮಾಬುಸಾಬನಿಗೆ ಓದಿ ತೋರಿಸಿದೆ. ಕೊನೆಯವರೆಗೂ ಕೇಳಿ, "ಚಲೋ ಬರದೀರಿ. ಆದರ ಸಾಹೇಬ್ರು ಇಷ್ಟೆಲ್ಲಾ ಓದೂದಿಲ್ಲರಿ, ಒಂದ ಸಾಲು ಸಾಕು" ಎಂದು ತಾನೇ ಹೇಳಿ ಬರೆಸಿದ. ತಮ್ಮ ಅಮೂಲ್ಯ ಸಮಯದ ಉಳಿತಾಯಕ್ಕಾಗಿ ಅದನ್ನು ಇಲ್ಲಿ ಕೊಟ್ಟಿದ್ದೇನೆ: ಪೈಪು ಒಡದೈತಿ, ಕಲ್ಲು ಎಬ್ಬಿಸಿ ಇಟ್ಟೇವಿ, ಬಂದು ಮೂಸಿ ನೋಡ್ರಿ.